ಮೂರು ಜನ ನೋಡಿದ ಮನೆ

ಅಂಗಡಿಯ ಯಜಮಾನರ ಅಪ್ಪಣೆ ಕೇಳಿದ್ದೇ ತಪ್ಪಾಯಿತು. ಸುಮ್ಮನೆ ಹಿಂದಿನ ಸ್ಟೋರ್ ರೂಮಿಗೆ ಹೋಗಿ, ಫೋನಿನಲ್ಲಿ ಮನೆ ನೋಡಿ, ಏನೂ ಆಗದವರ ಹಾಗೆ ಬಂದು ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕಣ್ಣು ಪರೀಕ್ಷೆ ಮಾಡಿದ ಆ ಮನುಷ್ಯ ಅರ್ಧ ಗಂಟೆಯ ಬಿಡುವನ್ನೂ ಕೇಳದೆ ತೆಗೆದುಕೊಂಡವರಲ್ಲ.

"ಸಾರ್, ಹನ್ನೊಂದು ಗಂಟೆಗೆ ಒಂದರ್ಧ ಗಂಟೆ ಬಿಡುವು ಬೇಕಿತ್ತು."

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಯಾಕ್ರೀ?"

"ಒಂದು ಮನೆ ತಗೋಬೇಕು ಅಂತಿದೀನಿ. ಏಜೆಂಟು ಫೋನಲ್ಲಿ ತೋರಿಸ್ತಾರೆ."

"ಫೋನಲ್ಲಾ? ಅದೆಲ್ಲಿದೆ ಮನೆ?"

"ದೂರ ಸಾರ್. ರೈಲಲ್ಲಿ ಹೋದ್ರೆ ಒಂದು ರಾತ್ರಿ, ಒಂದು ಹಗಲು."

"ಹೋಗಿ ನೋಡದೇ ಮನೆ ತಗೋತೀರಾ? ಊರವರ ಕಣ್ಣೆಲ್ಲ ಪರೀಕ್ಷೆ ಮಾಡೋರು ನೀವು!"

ಈ ಮಾತು ಕೌಂಟರಿನಲ್ಲಿದ್ದ ಮೇಡಂ ಕಿವಿಗೂ, ಒಳಗೆ ಫ್ರೇಮಿಗೆ ಕೂರುವಂತೆ ಗಾಜು ಉಜ್ಜುತ್ತಿದ್ದ ಮೇಸ್ತ್ರಿಯ ಕಿವಿಗೂ ಬಿತ್ತು. ಅಂಗಡಿಯಲ್ಲಿ ಇದ್ದದ್ದೇ ಆ ನಾಲ್ಕು ಜನ. ಅಲ್ಲಿಗೆ ಊರಿಗೆಲ್ಲ ಹೇಳಿದ ಹಾಗೆಯೇ ಆಯಿತು.

ಅವರ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಎಲ್ಲರೂ ಕರೆಯುತ್ತಿದ್ದದ್ದು ನಿಮಿಷಪ್ಪನವರು ಎಂದೇ. ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದದ್ದು "ಒಂದ್ನಿಮಿಷ". ಟೀಯೋ ಕಾಫಿಯೋ ಎಂದರೂ ಒಂದ್ನಿಮಿಷ, ಕಿಟಕಿ ತೆಗೆಯಲೋ ಮುಚ್ಚಲೋ ಎಂದರೂ ಒಂದ್ನಿಮಿಷ. ಹೆಣ್ಣು ನೋಡಿ ಬಂದಾಗಲೂ ಹೀಗೇ ಒಂದ್ನಿಮಿಷ ಎಂದಿದ್ದರಂತೆ. ಆ ನಿಮಿಷಕ್ಕೆ ಏಳು ತಿಂಗಳು ಹಿಡಿಯಿತು ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾರೆ. ತಪ್ಪು ಅವರದೊಬ್ಬರದೇ ಅಲ್ಲ. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಇದು ಚೆನ್ನಾಗಿ ಕಾಣ್ತದಾ, ಇದಾ?" ಎಂದು ಬೇರೆಯವರನ್ನು ಕೇಳುವುದೇ ಕೆಲಸವಾದವನಿಗೆ ತಾನೇ ಉತ್ತರ ಹೇಳುವ ಅಭ್ಯಾಸ ಎಲ್ಲಿಂದ ಬರಬೇಕು?

ಈ ಗುಣದಿಂದ ಈಗಾಗಲೇ ಎರಡು ಮನೆ ಕೈತಪ್ಪಿ ಹೋಗಿದ್ದವು. ಎರಡು ಸಲವೂ ಅವರು ಯೋಚಿಸುತ್ತಿದ್ದಾಗ ಬೇರೆ ಯಾರೋ ಬಂದು ಮುಂಗಡ ಕೊಟ್ಟು ಹೋದರು. ಆಮೇಲೆ ಅವರ ಊರಿನಲ್ಲಿ ಮನೆಯ ಬೆಲೆ ಅವರ ಕೈಗೆ ಎಟುಕದಷ್ಟು ಮೇಲೆ ಹೋಯಿತು. ಕೊನೆಗೆ ಗಂಡ ಹೆಂಡತಿ ಕೂತು ಒಂದು ತೀರ್ಮಾನಕ್ಕೆ ಬಂದರು: ದೂರದ ಊರಾದರೂ ಸರಿ, ಸಣ್ಣದೊಂದು ಮನೆ ಕೊಂಡು ಬಾಡಿಗೆಗೆ ಬಿಡುವುದು, ಮುಂದೆ ಕೈ ನಡುಗುವ ಕಾಲಕ್ಕೆ ಆ ಬಾಡಿಗೆ ಬಂದು ಈ ಬಾಡಿಗೆ ಕಟ್ಟುತ್ತದೆ. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಬೆಳೆದ ನಿಮಿಷಪ್ಪನವರಿಗೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ಗೋಡೆಗೆ ಮೊಳೆ ಹೊಡೆಯಬೇಕಾದರೂ ಯಾರನ್ನೋ ಕೇಳಿ ಹೊಡೆದವರು ಅವರು. ಎಷ್ಟು ದೂರವಾದರೂ ಇರಲಿ, ಎಲ್ಲೋ ಒಂದು ಕಡೆ ತನ್ನದು ಅನ್ನುವ ಒಂದು ಗೋಡೆ ಇರಬೇಕು ಎಂದು ಅವರಿಗೆ ಬಹಳ ಇತ್ತು.

ಇದು ಮೂರನೆಯ ಮನೆ. ಸಂಜೆ ಐದಕ್ಕೆ ಇನ್ನೊಬ್ಬರು ನೋಡಲು ಬರುತ್ತಾರೆ, ಅಷ್ಟರೊಳಗೆ ಹೂಂ ಅನ್ನಬೇಕು ಎಂದು ಏಜೆಂಟು ಹಿಂದಿನ ದಿನವೇ ಹೇಳಿದ್ದರು. "ಇದೂ ಹೋದ್ರೆ ಮನೆ ಅನ್ನೋ ಮಾತು ಇನ್ನು ನನ್ನ ಹತ್ರ ಎತ್ತಬೇಡಿ" ಎಂದು ಹೆಂಡತಿ ಬೆಳಿಗ್ಗೆ ಹೇಳಿದ್ದರು.

ಯಜಮಾನರು ಕೆಟ್ಟವರಲ್ಲ. ಒಳ್ಳೆಯವರಾಗಿದ್ದೇ ತೊಂದರೆ. "ಅರ್ಧ ಗಂಟೆ ಏನು, ಎಷ್ಟು ಬೇಕೋ ತಗೊಳ್ಳಿ. ಆದ್ರೆ ಒಬ್ಬರೇ ನೋಡೋ ಹಾಗಿಲ್ಲ. ನಮ್ಮ ಅಂಗಡಿ ಪದ್ಧತಿ ಏನು?" ಎಂದರು.

ಅಂಗಡಿಯ ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಮೂರು ಜನ ನೋಡದೆ ಒಂದು ಕನ್ನಡಕವೂ ಹೊರಗೆ ಹೋಗಬಾರದು. ಮೂವರೂ ಚೀಟಿಯ ಮೇಲೆ ಗುರುತು ಹಾಕಬೇಕು. ಹಿಂದೊಮ್ಮೆ ಎಡಗಣ್ಣಿನ ಗಾಜು ಬಲಕ್ಕೂ ಬಲದ್ದು ಎಡಕ್ಕೂ ಕೂತು ಹೋಗಿ, ಗಿರಾಕಿಯೊಬ್ಬರು ಒಂದು ತಿಂಗಳು ಅದನ್ನೇ ಹಾಕಿಕೊಂಡು ಓಡಾಡಿ, ಮನೆಯ ಮೆಟ್ಟಿಲು ಸರಿಯಿಲ್ಲ ಎಂದು ಒಡೆಸಿ ಕಟ್ಟಿಸಿದ್ದರು. ಅಂದಿನಿಂದ ಬಂದ ಪದ್ಧತಿ ಅದು.

ಹನ್ನೊಂದು ಗಂಟೆಗೆ ಪರೀಕ್ಷೆಯ ಕೋಣೆಯಲ್ಲಿ, ಪರೀಕ್ಷೆಯ ಗಾಜುಗಳನ್ನಿಡುವ ಪೆಟ್ಟಿಗೆಗೆ ಫೋನು ಒರಗಿಸಿ, ಮೂವರೂ ಸುತ್ತ ನಿಂತರು. ಕುರ್ಚಿಯಲ್ಲಿ ಒಬ್ಬ ಗಿರಾಕಿ ಇದ್ದರು; ಬಲಗಣ್ಣು ಮುಗಿದಿತ್ತು, ಎಡಗಣ್ಣು ಬಾಕಿ ಇತ್ತು. ನಿಮಿಷಪ್ಪನವರು ಅವರಿಗೂ ಒಂದ್ನಿಮಿಷ ಎಂದಿದ್ದರು.

ಫೋನಿನಲ್ಲಿ ಏಜೆಂಟು ಕಾಣಿಸಿಕೊಂಡರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಶರ್ಟು, ಕಂಕುಳಲ್ಲೊಂದು ಫೈಲು. ಅವರ ಲೆಕ್ಕದಲ್ಲಿ ಒಂದು ಮನೆ ತೋರಿಸಲು ಏಳು ನಿಮಿಷ ಸಾಕು. "ಮೂರನೇ ಮಹಡಿ ಸಾರ್, ಎರಡು ರೂಮು, ಗಾಳಿ ಬೆಳಕು ಅಂತೂ ಕೇಳ್ಲೇಬೇಡಿ" ಎನ್ನುತ್ತಾ ಫೋನನ್ನು ಗಿರ್ರೆಂದು ಒಂದು ಸುತ್ತು ತಿರುಗಿಸಿದರು.

"ಕೇಳಬೇಡಿ ಅಂದ್ರಲ್ಲ, ಅದನ್ನೇ ಮೊದ್ಲು ಕೇಳ್ಬೇಕು" ಎಂದ ಮೇಸ್ತ್ರಿ.

"ಏಜೆಂಟರೇ, ಹಾಗೆ ತಿರುಗಿಸಿದ್ರೆ ತಲೆ ಸುತ್ತು ಬರ್ತದೆ" ಎಂದರು ಯಜಮಾನರು. "ಮೊದ್ಲು ಬಲಗಡೆ ತೋರಿಸಿ. ಅದು ಮುಗಿದ ಮೇಲೆ ಎಡಗಡೆ."

"ನೀವು ಯಾರು ಸಾರ್?"

"ಮೊದಲನೇ ಗುರುತು ನಂದು" ಎಂದರು ಯಜಮಾನರು, ಎಲ್ಲ ಸ್ಪಷ್ಟವಾಯಿತು ಎಂಬಂತೆ.

ಪರೀಕ್ಷೆ ಶುರುವಾಯಿತು. ನೆಲ ಮಟ್ಟವಾಗಿದೆಯೋ ಎಂದು ನೋಡಲು ಮೇಸ್ತ್ರಿ ಏನಾದರೂ ಉರುಳಿಸಲು ಹೇಳಿದ. ಏಜೆಂಟು ತಮ್ಮ ನೀರಿನ ಬಾಟಲಿಯನ್ನು ಮಲಗಿಸಿ ಬಿಟ್ಟರು. ಅದು ಸಾವಕಾಶವಾಗಿ ಉರುಳಿಕೊಂಡು ಹೋಗಿ ಬಚ್ಚಲಿನ ಬಾಗಿಲಲ್ಲಿ ನಿಂತಿತು. "ನೀರು ಎಲ್ಲಿಗೆ ಹೋಗ್ಬೇಕೋ ಅಲ್ಲಿಗೇ ಹೋಗ್ತದೆ, ಒಳ್ಳೇದೇ" ಎಂದು ಮೇಸ್ತ್ರಿ ಬರೆದುಕೊಂಡ. ಕೌಂಟರಿನ ಮೇಡಂ ಪ್ರತಿಯೊಂದು ಪ್ಲಗ್ಗಿಗೂ ಫೋನಿನ ಚಾರ್ಜರ್ ಹಾಕಿಸಿ ನೋಡಿದರು. ಎಲ್ಲ ಕಪಾಟಿನ ಬಾಗಿಲನ್ನೂ ಎರಡೆರಡು ಸಲ ತೆಗೆಸಿ, ಕಿರುಗುಟ್ಟುವ ಶಬ್ದ ಕೇಳಲು ಫೋನಿಗೆ ಕಿವಿ ಇಟ್ಟರು. ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿಸಿದರು. ಆಚೆ ಮನೆಯವರು ಯಾರೋ ಬಾಗಿಲು ತಟ್ಟಿದರು ಎಂದುಕೊಂಡು ಬಂದು ನೋಡಿ, ಏಜೆಂಟರ ಹತ್ತಿರ ಎರಡು ಮಾತಾಡಿ ಹೋದರು. "ನೆರೆಯವರು ಪರವಾಗಿಲ್ಲ" ಎಂದು ಅದನ್ನೂ ಬರೆದುಕೊಂಡದ್ದಾಯಿತು.

ನಡುನಡುವೆ ನಿಮಿಷಪ್ಪನವರು, "ಸಾಕು ಸಾರ್, ಪಾಪ ಅವರಿಗೂ ಬೇರೆ ಕೆಲಸ ಇರ್ತದೆ" ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಕುರ್ಚಿಯ ಗಿರಾಕಿ ಒಂದೇ ಕಣ್ಣಿನಿಂದ ಎಲ್ಲವನ್ನೂ ನೋಡುತ್ತಿದ್ದವರು, "ಮನೆ ಚೆನ್ನಾಗಿದೆ. ನನ್ನ ಇನ್ನೊಂದು ಕಣ್ಣು?" ಎಂದರು.

ಹನ್ನೆರಡಕ್ಕೆ ನೀರಿನ ಪರೀಕ್ಷೆ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆಗೆದರೆ ನೀರಿನ ರಭಸ ಗೊತ್ತಾಗುತ್ತದೆ ಎಂಬುದು ಯಜಮಾನರ ವಾದ. ಏಜೆಂಟು ಅಡುಗೆಮನೆಯ ನಲ್ಲಿ ತೆಗೆದು, ಬಚ್ಚಲಿಗೆ ಓಡಿ, ಅಲ್ಲಿಯ ನಲ್ಲಿಯನ್ನು ತಿರುಗಿಸಿದರು. ಅದರ ಹಿಡಿ ಕಿತ್ತು ಕೈಗೆ ಬಂತು. ಆಮೇಲೆ ಸ್ವಲ್ಪ ಹೊತ್ತು ಫೋನಿನಲ್ಲಿ ನೀರು ಬಿಟ್ಟು ಬೇರೇನೂ ಕಾಣಿಸಲಿಲ್ಲ.

"ರಭಸ ಚೆನ್ನಾಗಿದೆ" ಎಂದರು ಮೇಡಂ.

ಹೇಗೋ ನೀರು ನಿಲ್ಲಿಸಿ, ಇಸ್ತ್ರಿಯ ಶರ್ಟನ್ನು ಹಿಂಡಿ ಬಾಲ್ಕನಿಯಲ್ಲಿ ಹಾಕಿ, ಬನಿಯನ್ನಿನಲ್ಲಿ ನಿಂತ ಏಜೆಂಟರ ಮುಖದಲ್ಲಿ ಸಿಟ್ಟು ಇದ್ದದ್ದು ಒಂದೆರಡು ಗಳಿಗೆ ಮಾತ್ರ. ಶರ್ಟು ಇಪ್ಪತ್ತೇ ನಿಮಿಷದಲ್ಲಿ ಒಣಗಿದ್ದು ಕಂಡು ಅವರಿಗೇ ಆಶ್ಚರ್ಯವಾಯಿತು. "ನಿಜವಾಗ್ಲೂ ಗಾಳಿ ಇದೆ ಸಾರ್ ಇಲ್ಲಿ! ನಾನು ಸುಮ್ನೆ ಹೇಳ್ತಿದ್ದೆ" ಎಂದುಬಿಟ್ಟರು.

ಕೊನೆಗೆ ಉಳಿದದ್ದು ಗಲಾಟೆಯ ಪರೀಕ್ಷೆ. ಮಲಗುವ ಕೋಣೆಯ ನೆಲದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಮಲಗಿದರೆ ಏನೇನು ಶಬ್ದ ಕೇಳುತ್ತದೆ ಎಂದು ಏಜೆಂಟು ಹೇಳಬೇಕು. ಶರ್ಟು ಮುದುರಬಾರದೆಂದು ಅವರು ಬನಿಯನ್ನಿನಲ್ಲೇ, ಫೋನನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದರು. ನಾಲ್ಕು ಜನ ಮತ್ತು ಒಂದು ಕಣ್ಣಿನ ಗಿರಾಕಿ ಫೋನಿನಲ್ಲಿ ತಿರುಗುವ ಫ್ಯಾನನ್ನೇ ನೋಡುತ್ತಾ ನಿಂತರು. ಹತ್ತು ನಿಮಿಷ ಆದ ಮೇಲೆ ಕೇಳಿಸಿದ್ದು ಒಂದೇ ಶಬ್ದ: ಗೊರಕೆ.

"ಏಜೆಂಟರೇ!" ಎಂದರು ನಿಮಿಷಪ್ಪನವರು ಮೆಲ್ಲಗೆ. ಆಮೇಲೆ ಮೇಸ್ತ್ರಿ ಕೂಗಿದ. ಆಮೇಲೆ ಎಲ್ಲರೂ ಸೇರಿ ಕೂಗಿದರು. ಆ ಕೂಗಿಗೆ ಬೇಸತ್ತ ಗಿರಾಕಿ, ನಾಳೆ ಬರುತ್ತೇನೆಂದು ಹೇಳಿ ಹೊರಟೇಹೋದರು. ಏಜೆಂಟು ಮಾತ್ರ ಏಳಲಿಲ್ಲ. ಕಾಲ್ ಕಟ್ ಮಾಡಿದರೆ ಮತ್ತೆ ಸಿಗುತ್ತಾರೋ ಇಲ್ಲವೋ ಎಂಬ ಹೆದರಿಕೆಗೆ ನಿಮಿಷಪ್ಪನವರು ಊಟಕ್ಕೂ ಹೋಗದೆ ಆ ಗೊರಕೆಯನ್ನು ಕಾಯುತ್ತಾ ಕೂತರು.

ಒಂದೂವರೆಗೆ ಫೋನಿನಲ್ಲಿ ಬಾಗಿಲ ಸದ್ದಾಯಿತು. "ಅಯ್ಯೋ ದೇವರೇ! ರೀ! ಏನಾಯ್ತ್ರೀ!" ಎಂದು ಒಬ್ಬ ಹೆಂಗಸು ಕಿರುಚಿಕೊಂಡರು. ಅದು ಏಜೆಂಟರ ಹೆಂಡತಿ. ಗಂಡ ಊಟಕ್ಕೆ ಬಂದಿರಲಿಲ್ಲ, ಫೋನು ಮಾಡಿದರೆ ಬೆಳಗಿನಿಂದ ಎಂಗೇಜು. ಯಾವ ಮನೆ ತೋರಿಸಲು ಹೋಗಿದ್ದಾರೆ ಎಂದು ಗೊತ್ತಿದ್ದರಿಂದ ಊಟದ ಡಬ್ಬಿ ಹಿಡಿದು ಹುಡುಕಿಕೊಂಡು ಬಂದಿದ್ದರು. ಬಂದರೆ ಖಾಲಿ ಮನೆ, ಬನಿಯನ್ನಿನಲ್ಲಿ ನೆಲದ ಮೇಲೆ ಉದ್ದಕ್ಕೆ ಬಿದ್ದ ಗಂಡ.

"ಅಮ್ಮಾ, ಗಾಬರಿ ಆಗ್ಬೇಡಿ! ಪರೀಕ್ಷೆ ನಡೀತಾ ಇದೆ!" ಎಂದು ನಿಮಿಷಪ್ಪನವರು ಕೂಗಿದರು. ನೆಲದಿಂದ ಬಂದ ಆ ಗಂಡಸಿನ ದನಿ ಕೇಳಿ ಆಕೆ ಇನ್ನೂ ಜೋರಾಗಿ ಕಿರುಚಿದರು. ಏಜೆಂಟು ಎದ್ದು ಕೂತು ಕಣ್ಣುಜ್ಜಿಕೊಂಡರು. "ಸಾರ್, ಕ್ಷಮಿಸಿ. ಇಂಥ ನಿದ್ದೆ ಮಾಡಿ ವರ್ಷಗಳೇ ಆಗಿತ್ತು. ಒಂದು ಶಬ್ದ ಇಲ್ಲ ನೋಡಿ ಇಲ್ಲಿ!"

"ಶಬ್ದ ಇಲ್ಲ" ಎಂದು ಮೇಡಂ ಬರೆದುಕೊಂಡರು.

ಅಷ್ಟರಲ್ಲಿ ನಿಮಿಷಪ್ಪನವರ ಹೆಂಡತಿಯ ಫೋನು ಬಂತು. ಅವರು ಮನೆಯಲ್ಲೇ ಹೊಲಿಗೆ ಮಾಡುವವರು. ಬೆಳಗಿನಿಂದ ಸುದ್ದಿಯಿಲ್ಲದೆ ತಳಮಳವಾಗಿ, ಕೊರಳಲ್ಲಿ ಅಳತೆಪಟ್ಟಿ ಹಾಗೆಯೇ ನೇತಾಡಿಸಿಕೊಂಡು ವಿಡಿಯೋಗೆ ಸೇರಿಕೊಂಡರು. "ಅಡುಗೆಮನೆ ಯಾರಾದ್ರೂ ಸರಿಯಾಗಿ ನೋಡಿದ್ರಾ? ನಾನೇ ನೋಡ್ಬೇಕು."

"ನಾವೇನು ಅಲ್ಲಿ ಅಡುಗೆ ಮಾಡ್ತೀವೇನೇ? ಬಾಡಿಗೆಗೆ ಬಿಡೋ ಮನೆ ಅದು."

"ಬಾಡಿಗೆಗೆ ಬರೋರು ಊಟ ಮಾಡಲ್ವಾ?"

ಏಜೆಂಟಿಗೆ ಅಡುಗೆಮನೆಯ ವಿಷಯ ಏನೂ ಗೊತ್ತಿಲ್ಲದ ಕಾರಣ ಫೋನು ಅವರ ಹೆಂಡತಿಯ ಕೈಗೆ ಹೋಯಿತು. ಆಕೆ ಕಟ್ಟೆಯನ್ನು ಗೇಣಿನಲ್ಲಿ ಅಳೆದರು. ಪಾತ್ರೆ ತೊಳೆಯುವ ಜಾಗ, ಡಬ್ಬಿ ಇಡುವ ಹಲಗೆ, ಗ್ಯಾಸ್ ಸಿಲಿಂಡರಿನ ಮೂಲೆ, ಎಲ್ಲವನ್ನೂ ಅಕ್ಕಾ ಅಕ್ಕಾ ಎನ್ನುತ್ತಾ ತೋರಿಸಿದರು.

"ಕಟ್ಟೆ ಎಷ್ಟು ಎತ್ತರ ಇದೆ ನೋಡಮ್ಮ?"

"ನನ್ನ ಸೊಂಟಕ್ಕೆ ಸರಿಯಾಗಿ ಬರ್ತದೆ ಅಕ್ಕ. ನಮ್ಮ ಬಾಡಿಗೆ ಮನೇಲಿ ಎದೆ ಮಟ್ಟಕ್ಕಿದೆ. ಹನ್ನೊಂದು ವರ್ಷದಿಂದ ಸ್ಟೂಲ್ ಮೇಲೆ ನಿಂತು ಅಡುಗೆ ಮಾಡ್ತಿದೀನಿ."

"ಅಯ್ಯೋ, ಮಾಲೀಕರಿಗೆ ಹೇಳ್ಬಾರದಾ?"

"ನಿನ್ನನ್ಯಾರು ಕುಳ್ಳಗೆ ಹುಟ್ಟು ಅಂದಿದ್ದು ಅಂತಾರೆ."

ಹೆಂಗಸರಿಬ್ಬರೂ ನಕ್ಕರು. ನಕ್ಕ ಮೇಲೆ ಮಾತು ಅಡುಗೆಮನೆ ದಾಟಿ ಎಲ್ಲೆಲ್ಲಿಗೋ ಹೋಯಿತು. ಬೇರೆ ಪಾರ್ಟಿಗಳು ಫೋನು ಮಾಡುತ್ತಿರುತ್ತಾರೆ, ನನ್ನ ಫೋನು ಕೊಡು ಎಂದು ಏಜೆಂಟು ಗೊಣಗಿದಾಗ ಆಕೆ, "ಅಕ್ಕಾ, ನನ್ನ ನಂಬರ್‌ಗೆ ಮಾಡಿ, ನಾವು ಬೇರೆ ಮಾತಾಡೋಣ" ಎಂದರು. ಇಬ್ಬರೂ ಬೇರೆ ಕಾಲ್ ಹಿಡಿದುಕೊಂಡು ಹೊರಟುಹೋದರು.

ಮೂರೂವರೆಗೆ ಯಜಮಾನರು ಚೀಟಿ ತರಿಸಿದರು. ತಾವೊಂದು ಗುರುತು ಹಾಕಿದರು, ಮೇಸ್ತ್ರಿಯೊಂದು, ಮೇಡಂ ಒಂದು. ಇಂಥ ಮನೆ ಬಿಡಬಾರದು ಎಂದು ಮೂವರೂ ಒಂದೇ ದನಿಯಲ್ಲಿ ಹೇಳಿದರು. ಆ ಮೂವರು ಒಂದೇ ಮಾತು ಹೇಳಿದ್ದು ಅಂಗಡಿಯ ಚರಿತ್ರೆಯಲ್ಲೇ ಮೊದಲು. ಆಮೇಲೆ ಎಲ್ಲರೂ ತಿರುಗಿ ನಿಮಿಷಪ್ಪನವರ ಮುಖ ನೋಡಿದರು.

ನಿಮಿಷಪ್ಪನವರು ಚೀಟಿ ನೋಡಿದರು, ಫೋನು ನೋಡಿದರು, ಬೆವರು ಒರೆಸಿಕೊಂಡರು. "ಒಂದ್ನಿಮಿಷ" ಎಂದರು.

ಮೇಸ್ತ್ರಿ ಹಣೆ ಚಚ್ಚಿಕೊಂಡ. "ಇವರಿಗಾಗಿ ಬೆಳಗಿನಿಂದ ಹನ್ನೆರಡು ಜೊತೆ ಗಾಜು ಬಾಕಿ ಬಿಟ್ಟೆನಲ್ಲಪ್ಪಾ!" ಯಜಮಾನರು ಚೀಟಿಯನ್ನು ಮಡಿಸಿ ಮೇಜಿನ ಮೇಲಿಟ್ಟು ಎದ್ದು ಹೋದರು, ಅವರು ಬೈದಿದ್ದರೇ ಚೆನ್ನಾಗಿತ್ತು. ಹೊರಗೆ ಗಿರಾಕಿಗಳು ಸೇರಿದ್ದರು. ಮೇಡಂ ಕೌಂಟರಿಗೆ ಓಡಿದರು. ಫೋನಿನಲ್ಲಿದ್ದ ಏಜೆಂಟೂ, ಯೋಚನೆ ಮಾಡಿ ಹೇಳಿ ಸಾರ್ ಎಂದು ಕಾಲ್ ಮುಗಿಸಿದರು. ಬೆಳಗಿನಿಂದ ಕಾಲಿಡಲು ಜಾಗವಿಲ್ಲದಂತಿದ್ದ ಆ ಕೋಣೆಯಲ್ಲಿ ನಿಮಿಷಪ್ಪನವರು ಮತ್ತು ಗೋಡೆಯ ಮೇಲಿನ, ಗಿರಾಕಿಗಳು ಓದುವ ಅಕ್ಷರದ ಹಲಗೆ, ಇಬ್ಬರೇ ಉಳಿದರು.

ನಾಲ್ಕು ಹೊಡೆಯಿತು. ಅವರಿಗೆ ಹಿಂದಿನ ಎರಡು ಮನೆಗಳೂ ನೆನಪಾದವು. ಮೊದಲನೆಯದರ ಮುಂದೆ ಈಗಲೂ ದಿನಾ ಅವರು ಅಂಗಡಿಗೆ ಬರುವ ಬಸ್ಸು ಹೋಗುತ್ತದೆ. ಯಾರೋ ಅದಕ್ಕೆ ನೀಲಿ ಬಣ್ಣ ಹೊಡೆಸಿದ್ದಾರೆ. ಆ ನೀಲಿ ಬಂದಾಗಲೆಲ್ಲ ಇವರು ಬಸ್ಸಿನ ಇನ್ನೊಂದು ಕಡೆ ನೋಡುತ್ತಾರೆ. ಹೆಂಡತಿ ಒಂದು ದಿನವೂ ಅದನ್ನು ಎತ್ತಿ ಆಡಿರಲಿಲ್ಲ. ಆಡದೆ ಇದ್ದದ್ದೇ ಹೆಚ್ಚು ನೋಯುತ್ತಿತ್ತು. ಐವತ್ತರ ಹತ್ತಿರ ಬಂದೆ, ಇನ್ನು ಯಾವ ನಿಮಿಷಕ್ಕೆ ಕಾಯುತ್ತಿದ್ದೇನೆ ಎಂದು ಅವರಿಗೆ ತಮ್ಮ ಮೇಲೇ ರೋಸಿಹೋಯಿತು. ನಾಲ್ಕೂ ಇಪ್ಪತ್ತೈದಕ್ಕೆ ಅವರು ಎದ್ದು ನಿಂತರು.

"ತಗೋತೀನಿ" ಎಂದರು ಅಕ್ಷರದ ಹಲಗೆಗೆ.

ಬಾಯಿಗೆ ಆ ಮಾತು ಹೊಸದು. ಇನ್ನೊಮ್ಮೆ ಜೋರಾಗಿ ಹೇಳಿದರು. "ತಗೋತೀನಿ! ಈ ಮನೆ ನಂದು!" ಮೈಯೆಲ್ಲ ಹಗುರವಾದ ಹಾಗೆನಿಸಿತು. ಅದೇ ಹುರುಪಿನಲ್ಲಿ ಏಜೆಂಟಿಗೆ ಫೋನು ಹಚ್ಚಿದರು.

"ಸಾರ್, ನೀವೇನೂ ಹೇಳ್ಬೇಡಿ, ಮೊದ್ಲು ನಾನು ಹೇಳಿಬಿಡ್ತೀನಿ" ಎಂದರು ಏಜೆಂಟು ಒಂದೇ ಉಸಿರಿಗೆ. "ಮನೆ ಹೋಯ್ತು ಸಾರ್."

ನಿಮಿಷಪ್ಪನವರು ಗಡಿಯಾರ ನೋಡಿದರು. "ಐದು ಗಂಟೆ ಪಾರ್ಟಿ ಬೇಗ ಬಂದ್ರಾ?"

"ಅವರಿಗೂ ಬರಬೇಡಿ ಅಂತ ಹೇಳ್ದೆ. ಮನೆ ತಗೊಂಡಿದ್ದು... ನಾನೇ ಸಾರ್."

"ನೀವಾ?"

"ಹತ್ತೊಂಬತ್ತು ವರ್ಷದಿಂದ ಮನೆ ತೋರಿಸ್ತಿದೀನಿ. ಒಂದು ಮನೇಲೂ ಏಳು ನಿಮಿಷಕ್ಕಿಂತ ಜಾಸ್ತಿ ನಿಂತೋನಲ್ಲ. ನೀವು ಇವತ್ತು ಐದು ಗಂಟೆ ಹೊತ್ತು ನಿಲ್ಲಿಸಿದ್ರಿ. ಒಂದು ಮನೇನ ಹೇಗೆ ನೋಡ್ಬೇಕು ಅಂತ ನಿಮ್ಮಿಂದಲೇ ಗೊತ್ತಾಯ್ತು. ನನ್ನ ಹೆಂಡ್ತಿ ಆ ಅಡುಗೆಮನೇಲಿ ಕೂತೋಳು ಇನ್ನೂ ಎದ್ದಿಲ್ಲ. ಎದ್ದು ಬಾರೇ ಅಂದ್ರೆ, ಸ್ಟೂಲ್ ಇರೋ ಮನೆಗೆ ಬರಲ್ಲ ಅಂತಾಳೆ. ಮಾಲೀಕರಿಗೆ ಮುಂಗಡ ಕೊಟ್ಟಾಯ್ತು ಸಾರ್."

"ನನಗೆ ತೋರಿಸೋಕೆ ಅಂತ ಬಂದು ನೀವೇ ತಗೊಂಡ್ರೆ ಹೇಗ್ರೀ? ಒಂದು ಮಾತು ಕೇಳ್ಬೇಡ್ವಾ?"

"ಕೇಳದೆ ತಗೋತೀವಾ ಸಾರ್? ನಿಮ್ಮ ಮನೆಯವರನ್ನ ಕೇಳಿಯೇ ತಗೊಂಡಿದ್ದು!"

ನಿಮಿಷಪ್ಪನವರು ಮನೆಗೆ ಫೋನು ಮಾಡಿದರು. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು, ಹೆಂಡತಿ ಶಾಂತವಾಗಿದ್ದರು.

"ಹೂಂ, ನಾನೇ ತಗೋ ಅಂದೆ. ಅಕ್ಕಾ, ನೀವು ಬಿಡೋದಾದ್ರೆ ನಾವು ತಗೊಳ್ಳಲಾ ಅಂತ ಅವಳು ಅಳೋ ಹಾಗೆ ಕೇಳಿದ್ಲು. ನಾಲ್ಕು ಗಂಟೆವರೆಗೂ ಕಾದೆ ರೀ. ನೀವು ಇನ್ನೂ ಯೋಚನೆ ಮಾಡ್ತಿದೀರಿ ಅಂತ ಏಜೆಂಟ್ರು ಹೇಳಿದ್ರು. ಹೇಗೂ ಯಾರೋ ಗೊತ್ತಿಲ್ಲದೋರು ಬಂದು ತಗೋತಾರೆ, ಅದರ ಬದಲು ಇವಳಿಗಾದ್ರೂ ಸಿಗಲಿ ಅನ್ನಿಸ್ತು."

"ನಾನು ತಗೋತೀನಿ ಅಂದಿದ್ದೆ ಕಣೇ!"

ಹೊಲಿಗೆ ಯಂತ್ರ ನಿಂತಿತು. "ನೀವಾ? ಯಾವಾಗ?"

"ಈಗ. ನಾಲ್ಕೂ ಇಪ್ಪತ್ತೈದಕ್ಕೆ. ಎರಡು ಸಲ ಅಂದೆ."

"ಯಾರ ಹತ್ರ ಅಂದ್ರಿ?"

ನಿಮಿಷಪ್ಪನವರು ಸುತ್ತ ನೋಡಿದರು. ಬೆಳಗಿನಿಂದ ಅವರ ಒಂದೊಂದು ಉಸಿರಿಗೂ ಮೂರು ಮೂರು ಜನ ಸಾಕ್ಷಿ ಇದ್ದರು. ಈಗ ಆಚೆಯಿಂದ ಗಾಜು ಉಜ್ಜುವ ಸದ್ದು, ಮೇಡಂ ಯಾರಿಗೋ ಫ್ರೇಮು ತೋರಿಸುತ್ತಿರುವ ಮಾತು ಮಾತ್ರ ಕೇಳುತ್ತಿತ್ತು.

"ಯಾರೂ ಇರ್ಲಿಲ್ಲ" ಎಂದರು.

"ಹೋಗ್ಲಿ ಬಿಡಿ. ಅಂದ್ರಿ ಅಂತಾನೇ ಇಟ್ಕೊಳ್ಳೋಣ" ಎಂದರು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ, ನಂಬಿಕೆಯೂ ಇರಲಿಲ್ಲ. "ಮುಂದಿನ ತಿಂಗಳು ಹೊಸ ಮನೆಗೆ ಬಂದು ಎರಡು ದಿನ ಇರ್ಲೇಬೇಕು ಅಂತ ಕರೆದಿದಾಳೆ. ನಾನಂತೂ ಹೋಗೋದೇ. ನೀವು..."

"ಬರ್ತೀನಿ!" ಎಂದರು ನಿಮಿಷಪ್ಪನವರು, ಹೆಂಡತಿ ಮಾತು ಮುಗಿಸುವ ಮೊದಲೇ.

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು.

"ಇಷ್ಟು ಬೇಗ ಉತ್ತರ ಕೊಡೋಕೆ ಬರ್ತದೆ ಅಂತ ಗೊತ್ತಿದ್ರೆ" ಎಂದರು ಹೆಂಡತಿ, "ಮನೇನೇ ತಗೋಬಹುದಿತ್ತಲ್ರೀ!"